ಕಮಟು ಕೊಬ್ಬರಿಯಲ್ಲಿ ಉತ್ಕರ್ಷಣ ಎಲ್ಲಿದೆ?

ಎಣ್ಣೆ ಕಮಟುವುದನ್ನು ಹತ್ತನೆಯ ತರಗತಿಯ ವಿಜ್ಞಾನ ಪಠ್ಯ ಉತ್ಕರ್ಷಣದ ಉದಾಹರಣೆಯಾಗಿ ಕೊಡುತ್ತದೆ. ಶೇಂಗಾ, ಸೂರ್ಯಕಾಂತಿ ಎಣ್ಣೆಗಳ ಮಟ್ಟಿಗೆ ಆ ಮಾತು ಸರಿ. ದ್ವಿಬಂಧದ ಪಕ್ಕದ ಇಂಗಾಲಕ್ಕೆ ಗಾಳಿಯ ಆಕ್ಸಿಜನ್ ಸೇರಿ ಪೆರಾಕ್ಸೈಡ್ ಹುಟ್ಟುತ್ತದೆ, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಕಣಕಟ್ಟೆ, ಅರಸೀಕೆರೆ, ತಿಪಟೂರು ಸೀಮೆಯ ಅಟ್ಟಗಳಲ್ಲಿ ತಿಂಗಳುಗಟ್ಟಲೆ ಒಣಗುವ ಉಂಡೆ ಕೊಬ್ಬರಿಯ ಬಗ್ಗೆ. ತೆಂಗಿನೆಣ್ಣೆಯ ಕೊಬ್ಬಿನ ಆಮ್ಲಗಳಲ್ಲಿ ಶೇ. 90ರಷ್ಟು ಪರ್ಯಾಪ್ತ, ಲಾರಿಕ್ ಆಮ್ಲವೊಂದೇ ಅರ್ಧದ ಹತ್ತಿರ. ದ್ವಿಬಂಧವೇ ವಿರಳವಾದಲ್ಲಿ ಪಠ್ಯದ ವಿವರಣೆ ಎಷ್ಟು ನಿಂತೀತು?

‘ಆಕ್ಸಿಜನ್ ಸೇರಿದರೆ ಉತ್ಕರ್ಷಣ’ ಎಂಬ ಸೂತ್ರ ಇಲ್ಲಿ ದಾರಿ ತಪ್ಪಿಸುತ್ತದೆ. ಒಂದೊಂದು ಇಂಗಾಲದ ಉತ್ಕರ್ಷಣ ಸಂಖ್ಯೆಯನ್ನೂ ಎಣಿಸಬೇಕು, ಅದು ಏರಿದರೆ ಉತ್ಕರ್ಷಣ, ಇಳಿದರೆ ಅಪಕರ್ಷಣ: ಹೈಡ್ರೋಜನ್ ಜೊತೆಗಿನ ಪ್ರತಿ ಬಂಧಕ್ಕೆ −1, ಆಕ್ಸಿಜನ್ ಜೊತೆಗಿನದಕ್ಕೆ +1, ಇಂಗಾಲದ ಜೊತೆಗಿನದಕ್ಕೆ ಸೊನ್ನೆ. ತೇವ ಉಳಿದ ಕೊಬ್ಬರಿಯಲ್ಲಿ ಮೊದಲು ಗ್ಲಿಸರಾಲಿನ ಎಸ್ಟರಾದ ಕೊಬ್ಬು ನೀರಿನಿಂದ ಒಡೆದು ಲಾರಿಕ್ ಆಮ್ಲ ಬಿಡುಗಡೆಯಾಗುತ್ತದೆ. ಬಾಯಿಗೆ ಸೋಪಿನ ರುಚಿ ಬರುವುದು ಇದರಿಂದ. ನೀರಿನ ಆಕ್ಸಿಜನ್ ಸೇರಿದ್ದು ನಿಜ. ಆದರೂ ಎಸ್ಟರಿನ ಕಾರ್ಬೊನಿಲ್ ಇಂಗಾಲ +3 ಇತ್ತು, ಆಮ್ಲದಲ್ಲೂ +3. ಗ್ಲಿಸರಾಲಿನ ಇಂಗಾಲಗಳೂ ಕದಲಿಲ್ಲ. ಇದು ಉತ್ಕರ್ಷಣವೂ ಅಲ್ಲ, ಅಪಕರ್ಷಣವೂ ಅಲ್ಲ.

ಬೂಷ್ಟು ಹಿಡಿದ ಮೇಲೆ ಕಥೆ ಬೇರೆ. ಅದರಿಂದ ಮೀಥೈಲ್ ಕೀಟೋನ್‌ಗಳು ಹುಟ್ಟುತ್ತವೆಂದು ಷ್ಟೆರ್ಕ್ಲೆ ಎಂಬ ಸಂಶೋಧಕರು 1924ರಲ್ಲೇ ಬರೆದಿದ್ದರು. ಲಾರಿಕ್ ಆಮ್ಲದ ಮೂರನೆಯ ಇಂಗಾಲ −2ರಿಂದ +2ಕ್ಕೆ ಏರುತ್ತದೆ: ನಾಲ್ಕು ಎಲೆಕ್ಟ್ರಾನ್‌ಗಳ ನಷ್ಟ, ಅಪ್ಪಟ ಉತ್ಕರ್ಷಣ. ಮುಂದೆ ಇಂಗಾಲದ ಡೈಆಕ್ಸೈಡ್ ಕಳಚಿಕೊಳ್ಳುವಾಗ ಒಂದು ಇಂಗಾಲ +3ರಿಂದ +4ಕ್ಕೆ ಏರಿದರೆ ಪಕ್ಕದ್ದು −2ರಿಂದ −3ಕ್ಕೆ ಇಳಿಯುತ್ತದೆ; ಒಟ್ಟು ಲೆಕ್ಕ ಸಮ. ಉಳಿಯುವುದು ಹನ್ನೊಂದು ಇಂಗಾಲದ ಕೀಟೋನ್. ಅದು ಆಲ್ಕೊಹಾಲ್ ಆದರೆ ಕಾರ್ಬೊನಿಲ್ ಇಂಗಾಲ +2ರಿಂದ ಸೊನ್ನೆಗಿಳಿಯುತ್ತದೆ. ಅದೇ ಅಪಕರ್ಷಣ, ಕಮಟಿದ ಕೊಬ್ಬರಿಯೊಳಗೇ!

ಹಾಗಾಗಿ ನನ್ನ ವಾದ: ಬೂಷ್ಟು ಹಿಡಿದ ಉಂಡೆ ಕೊಬ್ಬರಿಯ ಕಮಟಿನಲ್ಲಿ ಪಠ್ಯ ಹೇಳುವ ಗಾಳಿಯ ನೇರ ಉತ್ಕರ್ಷಣದ ಪಾತ್ರ ಬಹುಶಃ ಗೌಣ. ‘ಬಹುಶಃ’ ಎಂದದ್ದು ಬೇಕೆಂದೇ. ಓಲಿಕ್ ಆಮ್ಲ ಅಲ್ಪವಾದರೂ ಇದೆ; ಬಿಸಿಲಿಗಿಟ್ಟ, ತೇವವಿಲ್ಲದ ಎಣ್ಣೆಗೆ ಈ ವಾದ ಹೊಂದದಿರಬಹುದು. ಪೆರಾಕ್ಸೈಡ್ ಮೌಲ್ಯವೊಂದನ್ನೇ ಅಳೆದರೆ ಕೀಟೋನ್ ಕಣ್ಣಿಗೆ ಬೀಳದು, ಆಮ್ಲ ಮೌಲ್ಯವೊಂದನ್ನೇ ಅಳೆದರೆ ಉತ್ಕರ್ಷಣ ಕಾಣದು. ಅಟ್ಟಕ್ಕೇರಿದ ದಿನದಿಂದ ಸುಲಿಯುವವರೆಗೆ ಪೆರಾಕ್ಸೈಡ್, ಆಮ್ಲ, ಕೀಟೋನ್ ಮೂರನ್ನೂ ತಿಂಗಳು ತಿಂಗಳು ಅಳೆದಾಗಲೇ ಯಾವ ದಾರಿಯ ಪಾಲು ಎಷ್ಟೆಂಬುದು ಇತ್ಯರ್ಥವಾದೀತು.