ಸಣ್ಣ ಸಂಸಾರ ಎಲ್ಲಿಂದ ಬಂತು?

1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಪೇಟೆಯ ಇಕ್ಕಟ್ಟಿನ ಕೇರಿಗಳ ಜನರನ್ನು ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳತ್ತ ನೂಕಿತು. ಆಗಿನ ಮೈಸೂರು ಸಂಸ್ಥಾನಕ್ಕೆ ಜನ ಹೆಚ್ಚಾದಾರೆಂಬ ಭಯಕ್ಕಿಂತ ಕರಗಿಹೋದಾರೆಂಬ ಭಯವೇ ಸಹಜವಾಗಿತ್ತು. 1871ರ ಗಣತಿಯಲ್ಲಿ 50.6 ಲಕ್ಷವಿದ್ದ ಜನಸಂಖ್ಯೆ, ಧಾತು–ಈಶ್ವರ ಸಂವತ್ಸರಗಳ ಬರಗಾಲ ಕಳೆದು 1881ಕ್ಕೆ ಬರುವ ಹೊತ್ತಿಗೆ 41.9 ಲಕ್ಷಕ್ಕೆ ಇಳಿದಿತ್ತು. 1891ರಲ್ಲೂ ಹಳೆಯ ಮಟ್ಟ ಮುಟ್ಟಿರಲಿಲ್ಲ. ಅದೇ ಸಂಸ್ಥಾನ 1930ರಲ್ಲಿ ಸರ್ಕಾರದ ವತಿಯಿಂದಲೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಲೋಕದಲ್ಲೇ ಇದು ಮೊದಲೆಂದು ನಾವು ಹೆಮ್ಮೆಪಡುವುದು ಸರಿ. ಆದರೆ ನಮ್ಮ ಮನೆಗಳಲ್ಲಿ ಮಕ್ಕಳ ಸಂಖ್ಯೆ ಇಳಿದದ್ದು ಅದರಿಂದಲೇ ಎಂಬ ಮಾತನ್ನು ಅಂಕಿಅಂಶ ಒಪ್ಪುವುದಿಲ್ಲ.

ಭಾರತ ಸರ್ಕಾರ ಮತ್ತು ವಿಶ್ವಸಂಸ್ಥೆ ಸೇರಿ 1951–52ರಲ್ಲಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನವನ್ನೇ ನೋಡಿ. ಚಿಕಿತ್ಸಾಲಯ ತೆರೆದು ಇಪ್ಪತ್ತು ವರ್ಷ ಕಳೆದಿದ್ದರೂ ಬೆಂಗಳೂರಿನ ಹೆಂಗಸಿಗೂ ಹಳ್ಳಿಯ ಹೆಂಗಸಿಗೂ ಹೆರಿಗೆಯ ಲೆಕ್ಕದಲ್ಲಿ ದೊಡ್ಡ ಅಂತರ ಕಾಣಲಿಲ್ಲ. ಅಂತರ ಎದ್ದು ಕಂಡದ್ದು ಒಂದೇ ಕಡೆ: ಹೈಸ್ಕೂಲು ಮೆಟ್ಟಿಲು ಹತ್ತಿದ ಹೆಂಗಸರಲ್ಲಿ. ಹಾಗಾದರೆ ಹುಡುಕಬೇಕಾದದ್ದು ಆಸ್ಪತ್ರೆಯ ಬಾಗಿಲಲ್ಲಲ್ಲ, ಶಾಲೆಯ ಬಾಗಿಲಲ್ಲಿ. 1894ರ ಮೈಸೂರು ಕಾಯಿದೆ ತಡೆದದ್ದು ಎಂಟು ತುಂಬದ ಹುಡುಗಿಯರ ಮದುವೆಯನ್ನು. ಅಷ್ಟನ್ನು ತಡೆಯುವುದಕ್ಕೂ ಕಾನೂನು ಬೇಕಾಗಿತ್ತು. 1913ರಲ್ಲಿ ಬಸವನಗುಡಿಯಲ್ಲಿ ಹೆಂಗಸರಿಗೆ ಓದು ಕಲಿಸುವ ಮಹಿಳಾ ಸೇವಾ ಸಮಾಜ ಹುಟ್ಟಿತು. ಓದು ಒಂದೊಂದು ವರ್ಷ ಮುಂದುವರಿದಂತೆ ಮದುವೆಯೂ ಅಷ್ಟು ಹಿಂದೆ ಸರಿಯಿತು. ಮೊದಲ ಬಾಣಂತನ ಹದಿಹರೆಯವನ್ನು ದಾಟಿತು.

ಈ ವಾದಕ್ಕೆ ಎರಡು ಆಕ್ಷೇಪಗಳಿವೆ. ಚಾಮರಾಜಪೇಟೆ, ಮಲ್ಲೇಶ್ವರದಲ್ಲಿ ಮಕ್ಕಳು ಕಡಿಮೆ ಕಾಣುವುದು ಎಳೆಯ ದಂಪತಿಗಳು ದೂರದ ಬಡಾವಣೆಗೋ ಪರದೇಶಕ್ಕೋ ಹೋದದ್ದರಿಂದ ಎನ್ನಬಹುದು. ವಾರ್ಡಿನಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಎಣಿಸಿದರೆ ಈ ಮಾತು ನಿಜವೇ. ಆದರೆ ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕ ವಲಸೆಯಿಂದ ಹೀಗೆ ಕುಸಿಯುವಂಥದ್ದಲ್ಲ. ಇಡೀ ಕರ್ನಾಟಕದಲ್ಲೇ ಅದು 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2.85ರಿಂದ 2019–21ಕ್ಕೆ 1.7ಕ್ಕೆ ಇಳಿದಿದೆ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಓದದ ಹೆಂಗಸರೂ ಎರಡೇ ಮಕ್ಕಳಿಗೆ ನಿಲ್ಲಿಸಿದ್ದಾರಲ್ಲ, ಅದು ಸಂತಾನಹರಣದ ‘ಆಪರೇಷನ್’ನಿಂದಲ್ಲವೇ? ಹೌದು, ಇದನ್ನು ಒಪ್ಪಲೇಬೇಕು. ಓದು ತೆರೆದ ದಾರಿಯಲ್ಲಿ ಉಳಿದವರು ನಡೆದದ್ದು ಸರ್ಕಾರಿ ಆಸ್ಪತ್ರೆಯ ಮೂಲಕ. ಆದರೆ ಆ ದಾರಿಯ ಭಾರವನ್ನು ಹೊತ್ತವರು ಯಾರೆಂಬುದನ್ನೂ ಅದೇ ಸಮೀಕ್ಷೆ ಹೇಳುತ್ತದೆ: 2019–21ರಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಶೇ. 57.4 ಮಂದಿಗೆ ಈ ಶಸ್ತ್ರಚಿಕಿತ್ಸೆ ಆಗಿತ್ತು; ಗಂಡಸರ ಪಾಲು ಶೇ. 0.0.