ಒಂದೇ ಬೇಸಿಗೆಯ ಬೌಲರ್: ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲು



ಹೋದ ಭಾನುವಾರ ಹುಣಸೂರು ಕಡೆ ಒಂದು ಟೆನ್ನಿಸ್ ಬಾಲ್ ಟೂರ್ನಮೆಂಟ್ ಇತ್ತು. ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯಿಂದೆಲ್ಲ ನಮ್ಮ ಕೇರಿಗಳ ಹುಡುಗ್ರು ಬಂದಿದ್ರು. ವಾರವೆಲ್ಲ ಹೊಗೆಸೊಪ್ಪಿನ ಬ್ಯಾರನ್ನಲ್ಲಿ ದುಡಿದು ಭಾನುವಾರ ಬಾಲ್ ಹಿಡಿಯೋ ಹುಡುಗ್ರು. ಆಟ ಮುಗಿದ ಮೇಲೆ ಟೀ ಕುಡೀತಾ ಕೇಳಿದೆ, "ನಮ್ಮ ಜನರಲ್ಲಿ ಮೊದಲ ದೊಡ್ಡ ಕ್ರಿಕೆಟಿಗ ಯಾರು ಗೊತ್ತೇನ್ರಪ್ಪಾ?" ಒಬ್ಬರಿಗೂ ಗೊತ್ತಿರಲಿಲ್ಲ. ಅವರ ತಪ್ಪಲ್ಲ ಬಿಡಿ, ಮೂವತ್ತು ದಾಟೋವರೆಗೂ ನನಗೂ ಗೊತ್ತಿರಲಿಲ್ಲ. ಅದಕ್ಕೇ ಈ ಉದ್ದದ ಪೋಸ್ಟ್. ದಯವಿಟ್ಟು ಪೂರ್ತಿ ಓದಿ.

ಪಲ್ವಂಕರ್ ಬಾಲು ಹುಟ್ಟಿದ್ದು 1876ರಲ್ಲಿ, ನಮ್ಮದೇ ಧಾರವಾಡದಲ್ಲಿ. ಚಮ್ಮಾರ ಕುಟುಂಬ. ತಂದೆ ಸೈನ್ಯದಲ್ಲಿ ಕೆಲಸಕ್ಕಿದ್ದರು. ಬಾಲು ಬೆಳೆದದ್ದು ಪುಣೆಯಲ್ಲಿ. ಅಲ್ಲಿ ಬಿಳಿಯರ ಪೂನಾ ಜಿಮ್ಖಾನಾದಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳ. ಪಿಚ್ ಉರುಳಿಸೋದು, ನೆಟ್ ಕಟ್ಟೋದು, ಸಾಹೇಬರಿಗೆ ಗಂಟೆಗಟ್ಟಲೆ ಬೌಲಿಂಗ್ ಮಾಡೋದು. ಗ್ರೆಗ್ ಅನ್ನೋ ದೊಡ್ಡ ಬ್ಯಾಟ್ಸ್‌ಮನ್ ತನ್ನನ್ನು ಒಂದು ಸಲ ಔಟ್ ಮಾಡಿದರೆ ಎಂಟಾಣೆ ಕೊಡ್ತಿದ್ದನಂತೆ. ಆದರೆ ಬಾಲು ಕೈಗೆ ಬ್ಯಾಟ್ ಮಾತ್ರ ಯಾರೂ ಕೊಡಲಿಲ್ಲ. ಎಡಗೈ ಸ್ಪಿನ್ ಅಲ್ಲೇ, ಆ ನೆಟ್‌ನಲ್ಲೇ ಪಳಗಿತು.

ಬಿಳಿಯರನ್ನು ಸೋಲಿಸೋಕೆ ಪುಣೆಯ ಹಿಂದೂ ಕ್ಲಬ್‌ಗೆ ಈ ಕೈ ಬೇಕಾಯ್ತು. ಸೇರಿಸಿಕೊಂಡರು. ಮೈದಾನದಲ್ಲಿ ಬಾಲು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಟೀ ಹೊತ್ತಿಗೆ ಮಾತ್ರ ಉಳಿದವರು ಪೆವಿಲಿಯನ್ ಒಳಗೆ, ಬಾಲು ಹೊರಗೆ, ಕೈಯಲ್ಲಿ ಬಿಸಾಡೋ ಮಣ್ಣಿನ ಲೋಟ. ಊಟಕ್ಕೂ ಬೇರೆ ತಟ್ಟೆ, ಬೇರೆ ಜಾಗ. ಹೋಟೆಲುಗಳ ಎರಡು ಲೋಟ ಪದ್ಧತಿ ಕಂಡ ನಮ್ಮ ಅಪ್ಪ, ತಾತಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪುಣೆಯಲ್ಲಿ ಪ್ಲೇಗ್ ಬಂದ ಕಾಲಕ್ಕೆ ಬಾಂಬೆಗೆ ಹೋದರು. 1906ರಲ್ಲಿ, ಮತ್ತೆ 1907ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿತು. ಎರಡರಲ್ಲೂ ಬಾಲು ಬೌಲಿಂಗೇ ದೊಡ್ಡ ಬಲ.

ಆಮೇಲೆ ಬಂತು 1911ರ ಬೇಸಿಗೆ. ಪಟಿಯಾಲ ಮಹಾರಾಜನ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಸೋತದ್ದೇ ಹೆಚ್ಚು. ಆದರೆ 35ರ ವಯಸ್ಸಿನ ಬಾಲು ಭುಜದ ನೋವಿಟ್ಟುಕೊಂಡೇ ಇಡೀ ಪ್ರವಾಸದಲ್ಲಿ ನೂರಾ ಹದಿನಾಲ್ಕು ವಿಕೆಟ್ ಕಿತ್ತರು. ತಮ್ಮ ಶಿವರಾಮ್ ಕೂಡ ಅದೇ ತಂಡದಲ್ಲಿ ಬ್ಯಾಟ್ ಬೀಸಿದ. ಭಾರತದ ಮೊದಲ ಅಧಿಕೃತ ಟೆಸ್ಟ್ ನಡೆದದ್ದು 1932ರಲ್ಲಿ. ಅಷ್ಟೊತ್ತಿಗೆ ಬಾಲುಗೆ 56. ಹಾಗಾಗಿ ದೇಶದ ಪರವಾಗಿ ಹೊರಗೆ ಆಡಿದ್ದು ಅಂದ್ರೆ ಅದೊಂದೇ ಬೇಸಿಗೆ.

ವಾಪಸ್ ಬಂದಾಗ ಬಾಂಬೆಯಲ್ಲಿ ಶೋಷಿತ ಜನ ಸನ್ಮಾನ ಮಾಡಿದರು. ಆ ಮಾನಪತ್ರ ಬರೆದದ್ದು ಯುವಕ ಭೀಮರಾವ್ ಅಂತ ಇತಿಹಾಸಕಾರ ರಾಮಚಂದ್ರ ಗುಹಾ ಹೇಳ್ತಾರೆ.

ಆದರೆ ಹಿಂದೂ ತಂಡದ ಕ್ಯಾಪ್ಟನ್‌ಗಿರಿ? ಅದು ಬಾಲುಗೆ ಸಿಗಲಿಲ್ಲ. ವರ್ಷಾನುಗಟ್ಟಲೆ ತಂಡವನ್ನು ಹೊತ್ತವರು ಇವರು, ಟಾಸ್‌ಗೆ ಹೋಗೋರು ಮೇಲ್ಜಾತಿಯವರು. 1920ರಲ್ಲಿ ತಮ್ಮಂದಿರಾದ ವಿಠಲ್, ಶಿವರಾಮ್ ಈ ಅನ್ಯಾಯ ಸಹಿಸದೆ ತಂಡದಿಂದ ಹೊರಗೆ ನಿಂತರು. ಗಲಾಟೆ ಆಯ್ತು. ಮುಂದಿನ ಪಂದ್ಯಕ್ಕೆ ಬಾಲು ಉಪನಾಯಕ. 1923ರಲ್ಲಿ ವಿಠಲ್ ನಾಯಕನಾದ, ತಂಡ ಗೆದ್ದಿತು. ಅಣ್ಣನಿಗೆ ಕೊಡದ ಪಟ್ಟ ತಮ್ಮನಿಗೆ ಸಿಕ್ಕಿದ್ದು ಯಾರ ದಯೆಯಿಂದಲೂ ಅಲ್ಲ, ಹೊರಗೆ ನಿಂತು ಕೇಳಿದ್ದರಿಂದ.

ಈಗ ಕಷ್ಟದ ಮಾತಿಗೆ ಬರ್ತೀನಿ. ಈ ಕಥೆ ಹೇಳಿದಾಗ ಸಂಘಟನೆಯ ಒಬ್ಬ ಅಣ್ಣ ಮುಖಕ್ಕೇ ಕೇಳಿದ್ರು, "ಬಾಬಾಸಾಹೇಬರ ಎದುರು ಎಲೆಕ್ಷನ್‌ಗೆ ನಿಂತೋನಲ್ವಾ ಅವನು? ಅವನ ನೆನಪು ನಮಗ್ಯಾಕೆ?"

ನಿಜ. 1932ರಲ್ಲಿ ಬಾಲು ಪ್ರತ್ಯೇಕ ಮತಕ್ಷೇತ್ರವನ್ನು ವಿರೋಧಿಸಿ ಗಾಂಧಿ ಕಡೆ ನಿಂತರು. 1937ರ ಬಾಂಬೆ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನೇ ಬಾಬಾಸಾಹೇಬರ ವಿರುದ್ಧ ನಿಲ್ಲಿಸಿತು. ಬಾಬಾಸಾಹೇಬರಿಗೆ 13,245 ಮತ, ಬಾಲುಗೆ 11,225. ಎರಡು ಸಾವಿರ ಚಿಲ್ಲರೆ ಅಂತರ ಅಷ್ಟೆ. ನಮ್ಮವರ ಎದುರು ನಮ್ಮವರನ್ನೇ ನಿಲ್ಲಿಸೋ ಆಟ ಇವತ್ತು ಗ್ರಾಮ ಪಂಚಾಯ್ತಿ ಮಟ್ಟದಲ್ಲೂ ನಡೀತಿದೆ, ನೀವೇ ನೋಡ್ತಿದ್ದೀರಿ.

ಅಲ್ಲಿ ಬಾಲು ತಪ್ಪು ಮಾಡಿದ್ರು ಅಂತಲೇ ನನ್ನ ಅಭಿಪ್ರಾಯ. ಮುಚ್ಚಿಡಲ್ಲ. ಆದ್ರೆ ಆ ತಪ್ಪಿಗೆ ಅವರ ಚೆಂಡನ್ನೂ ಅಳಿಸಿಬಿಟ್ಟರೆ ಲಾಭ ಯಾರಿಗೆ? ಮಣ್ಣಿನ ಲೋಟ ಕೊಟ್ಟವರಿಗೆ. ಅವರು ಮೊದಲೇ ಮರೆತಾಗಿದೆ. ನಾವೂ ಮರೆತರೆ ಕೇಳೋರೇ ಇರಲ್ಲ. ಮಾನಪತ್ರವೂ ನಮ್ಮದು, ಆ 1937ರ ಜಗಳವೂ ನಮ್ಮದೇ. ಎರಡನ್ನೂ ಒಟ್ಟಿಗೆ ಹೇಳೋ ಧೈರ್ಯ ನಮಗಿರಬೇಕು.

ಬಾಲು ತೀರಿಕೊಂಡದ್ದು 1955ರ ಜುಲೈನಲ್ಲಿ.

ಒಂದು ವಿನಂತಿ. ಬರೋ ಏಪ್ರಿಲ್ 14ಕ್ಕೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲೇ ಟೂರ್ನಮೆಂಟ್ ಮಾಡಿದ್ರೂ, ಬೆಸ್ಟ್ ಬೌಲರ್ ಕಪ್‌ಗೆ ಪಲ್ವಂಕರ್ ಬಾಲು ಹೆಸರಿಡಿ. ಕಪ್ ಕೊಡೋ ಮೊದಲು ಐದು ನಿಮಿಷ ಈ ಕಥೆ ಹೇಳಿ, ಚುನಾವಣೆ ಭಾಗಾನೂ ಬಿಡಬೇಡಿ. ಮೊದಲ ಕಪ್ಪಿನ ಖರ್ಚು ನನ್ನ ಸಂಬಳದಿಂದ.

ಜೈಭೀಮ್.