ಯೋಜನಾ ನಿರ್ವಹಣಾ ಕಚೇರಿ

ಯೋಜನಾ ನಿರ್ವಹಣಾ ಕಚೇರಿ (ಪಿಎಂಒ): ಒಂದು ಸಂಸ್ಥೆಯಲ್ಲಿ ಏಕಕಾಲಕ್ಕೆ ನಡೆಯುವ ಪ್ರಾಜೆಕ್ಟ್‌ಗಳ ಆಯ್ಕೆ, ಅಂದಾಜು, ಹಣ, ಜನಬಲ ಮತ್ತು ಗಡುವುಗಳನ್ನು ಒಟ್ಟಾಗಿ ನೋಡಿಕೊಳ್ಳುವ ವಿಭಾಗ. ಸರ್ಕಾರಿ ವಲಯದಲ್ಲಿ ಇದೇ ಕೆಲಸ ಮಾಡುವ ಘಟಕವನ್ನು ಪಿಎಂಯು (ಯೋಜನಾ ನಿರ್ವಹಣಾ ಘಟಕ) ಎನ್ನುವ ರೂಢಿಯಿದೆ. ಒಂದೊಂದು ಪ್ರಾಜೆಕ್ಟನ್ನು ಮುಗಿಸಿಕೊಡುವ ಹೊಣೆ ಅದರ ಮ್ಯಾನೇಜರನದು. ಸಂಸ್ಥೆ ಹೋಗಬೇಕೆಂದಿರುವ ಕಡೆಗೇ ಅವೆಲ್ಲ ಹೋಗುತ್ತಿವೆಯೇ ಎಂದು ಪರಿಶೀಲಿಸುವುದು ಈ ಕಚೇರಿಯ ಕೆಲಸ.

ಅಮೆರಿಕದ ನೌಕಾಪಡೆ 1955ರಲ್ಲಿ ತೆರೆದ, ಮುಂದೆ ಪೊಲಾರಿಸ್ ಕ್ಷಿಪಣಿಯನ್ನು ರೂಪಿಸಿದ ವಿಶೇಷ ಯೋಜನಾ ಕಚೇರಿ ಇದರ ಪ್ರಸಿದ್ಧ ಪೂರ್ವಜ. ಸಾವಿರಾರು ಬಿಡಿಕೆಲಸಗಳಲ್ಲಿ ಯಾವುದು ತಡವಾದರೆ ಎಲ್ಲವೂ ತಡವಾಗುತ್ತದೆ ಎಂದು ಲೆಕ್ಕ ಹಾಕುವ ‘ಪರ್ಟ್’ ವಿಧಾನ ರೂಪುಗೊಂಡಿದ್ದು ಅಲ್ಲಿಯೇ, 1958ರ ಹೊತ್ತಿಗೆ. 1969ರಲ್ಲಿ ಸ್ಥಾಪನೆಯಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಇಂಥ ಕಚೇರಿಗಳನ್ನು ಮೂರು ಬಗೆಯಾಗಿ ಗುರುತಿಸಿದೆ: ಮಾದರಿ ನಮೂನೆ ಮತ್ತು ತರಬೇತಿ ಕೊಟ್ಟು ಬೆಂಬಲಕ್ಕೆ ನಿಲ್ಲುವುದು, ನಿಗದಿತ ವಿಧಾನ ಪಾಲನೆಯಾಗುತ್ತಿದೆಯೇ ಎಂದು ನಿಯಂತ್ರಿಸುವುದು, ಪ್ರಾಜೆಕ್ಟ್‌ಗಳನ್ನು ತಾನೇ ವಹಿಸಿಕೊಂಡು ನಡೆಸುವುದು.

ಕರ್ನಾಟಕದಲ್ಲಿ ಈ ಬಗೆಯ ಕೆಲಸಕ್ಕೆ ಚೆನ್ನಾಗಿ ದಾಖಲಾದ ನಿದರ್ಶನ ಸಾಫ್ಟ್‌ವೇರ್ ಕಂಪನಿ ಇನ್ಫೋಸಿಸ್‌ನದು. ಮೈಸೂರಿನ ಹೂಟಗಳ್ಳಿಯಲ್ಲಿ, ಹೆಬ್ಬಾಳ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿರುವ ಕ್ಯಾಂಪಸ್ ಈ ಕಂಪನಿಯ ತರಬೇತಿಯ ಕೇಂದ್ರ. ಕಾಲೇಜಿನಿಂದ ನೇರವಾಗಿ ಬಂದವರು ಕಂಪನಿಯ ಕಾರ್ಯವಿಧಾನ ಕಲಿತಿದ್ದು ಬಹುಮಟ್ಟಿಗೆ ಇಲ್ಲಿ. ಮುನ್ನೋಟ, ಸುಸ್ಥಿರತೆ, ಲಾಭದಾಯಕತೆ, ಅಪಾಯ ತಗ್ಗಿಸುವಿಕೆ ಎಂಬ ನಾಲ್ಕು ಅಂಶಗಳನ್ನು ಕಂಪನಿ ತನ್ನ ವ್ಯವಹಾರದ ಮಾದರಿಯೆಂದು ಬಹಳ ಕಾಲ ಹೇಳಿಕೊಂಡು ಬಂದಿತ್ತು. ಇವುಗಳಲ್ಲಿ ಮೊದಲನೆಯದು, ಅಂದರೆ ಮುಂದಿನ ಆದಾಯ, ಖರ್ಚುಗಳನ್ನು ಮೊದಲೇ ಹೇಳಬಲ್ಲ ಶಕ್ತಿ, ಭಾಷಣದಿಂದ ಬರುವಂಥದ್ದಲ್ಲ. ಇಷ್ಟು ಜನ, ಇಷ್ಟು ತಿಂಗಳು ಎಂದು ಕ್ಲೈಂಟ್‌ಗೆ ಕೊಟ್ಟ ಅಂದಾಜು ನಿಜವಾಗಬೇಕು.

ಅದಕ್ಕಾಗಿ ಕಂಪನಿಯ ಗುಣಮಟ್ಟ ವಿಭಾಗ ಮಾಡುತ್ತಿದ್ದುದನ್ನು, ಅದರ ಮುಖ್ಯಸ್ಥರಾಗಿದ್ದ ಪಂಕಜ್ ಜಲೋಟೆ ಪುಸ್ತಕರೂಪದಲ್ಲಿ ವಿವರಿಸಿದ್ದಾರೆ. ಪ್ರತಿ ಪ್ರಾಜೆಕ್ಟ್‌ಗೂ ಅದರ ತಂಡದ ಹೊರಗಿನಿಂದ ಒಬ್ಬ ಗುಣಮಟ್ಟ ಸಲಹೆಗಾರ ಇರುತ್ತಿದ್ದ. ಪ್ರಾಜೆಕ್ಟ್ ಮುಗಿದ ಮೇಲೆ ಒಂದು ಮುಕ್ತಾಯ ವರದಿ ತಯಾರಾಗುತ್ತಿತ್ತು: ಆರಂಭದ ಅಂದಾಜು ಎಷ್ಟು, ಹಿಡಿದ ಶ್ರಮ ಎಷ್ಟು, ಯಾವ ಹಂತದಲ್ಲಿ ಎಷ್ಟು ದೋಷ ಸಿಕ್ಕವು, ವ್ಯತ್ಯಾಸಕ್ಕೆ ಕಾರಣವೇನು. ಈ ಅಂಕಿಗಳು ಸಾಮಾನ್ಯ ಭಂಡಾರವೊಂದಕ್ಕೆ ಸೇರುತ್ತಿದ್ದವು. ಹೊಸ ಪ್ರಾಜೆಕ್ಟ್‌ಗೆ ಎಸ್ಟಿಮೇಟ್ ಹಾಕಲು ಕುಳಿತ ಮ್ಯಾನೇಜರ್ ಅದೇ ಬಗೆಯ ಹಳೆಯ ಪ್ರಾಜೆಕ್ಟ್‌ಗಳನ್ನು ತೆರೆದು ನೋಡಿ, ತನ್ನ ಊಹೆಯನ್ನು ಅವುಗಳ ಪಕ್ಕದಲ್ಲಿಟ್ಟು ತೂಗಬಹುದಿತ್ತು. 1999ರಲ್ಲಿ ಕಂಪನಿ ಸಾಫ್ಟ್‌ವೇರ್ ಕಾರ್ಯವಿಧಾನವನ್ನು ಅಳೆಯುವ ಸಾಮರ್ಥ್ಯ ಪ್ರೌಢತೆ ಮಾದರಿಯ (ಸಿಎಂಎಂ) ಐದನೆಯ, ಅಂದರೆ ಅತ್ಯುಚ್ಚ ಹಂತಕ್ಕೇರಿದ್ದರ ಹಿಂದೆ ಈ ಶಿಸ್ತಿತ್ತು. ಪಿಎಂಒ ಎಂಬ ಬೋರ್ಡ್ ಇರಲಿ ಬಿಡಲಿ, ಕಾರ್ಯತಂತ್ರದ ಒಂದು ಅಂಶವನ್ನು ದಿನನಿತ್ಯದ ಲೆಕ್ಕಕ್ಕೆ ಇಳಿಸುವುದೆಂದರೆ ಇದೇ.

ಅಂದಾಜಿಗಿಂತ ಕಷ್ಟದ್ದು ಆಯ್ಕೆ. ಹೊಸದನ್ನು ಶುರುಮಾಡಲು ಎಲ್ಲರಿಗೂ ಉತ್ಸಾಹ. ನಡೆಯುತ್ತಿರುವುದನ್ನು ನಿಲ್ಲಿಸಲು ಯಾರೂ ಮುಂದೆ ಬರುವುದಿಲ್ಲ. ಒಂದು ಕಾರ್ಖಾನೆಯಲ್ಲಿ ಹೊಸ ಯಂತ್ರದ ಅಳವಡಿಕೆ, ಹೊಸ ಉತ್ಪನ್ನದ ಪರೀಕ್ಷೆ, ಉಗ್ರಾಣದ ಗಣಕೀಕರಣ ಮೂರೂ ಒಟ್ಟಿಗೆ ನಡೆದಿವೆ ಎನ್ನೋಣ. ಮೂರೂ ಅದೇ ನಾಲ್ಕು ಜನ ಎಂಜಿನಿಯರುಗಳನ್ನು ನೆಚ್ಚಿಕೊಂಡಿದ್ದರೆ ಬಿಡಿಬಿಡಿ ವರದಿಗಳಲ್ಲಿ ಅದು ಕಾಣುವುದಿಲ್ಲ, ಪ್ರತಿಯೊಂದೂ ‘ಪ್ರಗತಿಯಲ್ಲಿದೆ’. ಮೂರನ್ನೂ ಒಂದೇ ಹಾಳೆಯಲ್ಲಿ ಬರೆದಾಗ ಗಂಟು ಎಲ್ಲಿದೆಯೆಂದು ಗೊತ್ತಾಗುತ್ತದೆ. ಆ ಹಾಳೆ ಹಣ ಮಂಜೂರು ಮಾಡುವವರ ಮೇಜಿಗೆ ಹೋಗಬೇಕು; ಅವರು ಅದನ್ನು ನೋಡಿ ಒಂದನ್ನು ಮುಂದೂಡಬೇಕು. ಅಷ್ಟಾಗದಿದ್ದರೆ ಪಿಎಂಒ ಬರೀ ವರದಿ ಬೇಡುವ ಮತ್ತೊಂದು ವಿಭಾಗವಾಗುತ್ತದೆ. ಅನೇಕ ಕಡೆ ಅದರ ಮೇಲೆ ಅಸಮಾಧಾನ ಹುಟ್ಟುವುದೂ, ವೆಚ್ಚ ಕಡಿತದ ಕಾಲದಲ್ಲಿ ಮೊದಲು ಅದಕ್ಕೇ ಕತ್ತರಿ ಬೀಳುವುದೂ ಇದರಿಂದ.

ಸಾರ್ವಜನಿಕ ವಲಯದಲ್ಲಿ 1993ರಲ್ಲಿ ಸ್ಥಾಪನೆಯಾದ ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮ ಇಂಥದೇ ಪಾತ್ರ ವಹಿಸಿದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ 1990ರ ದಶಕದಲ್ಲಿ ಕೈಗೊಂಡ ನಗರಾಭಿವೃದ್ಧಿ ಯೋಜನೆಯ ಉದ್ದೇಶ ಬೆಂಗಳೂರಿನ ಮೇಲಿನ ಒತ್ತಡವನ್ನು ಬೇರೆ ಊರುಗಳಿಗೆ ಹಂಚುವುದಾಗಿತ್ತು. ಅದಕ್ಕೆ ಆರಿಸಿಕೊಂಡ ಊರುಗಳು ಮೈಸೂರು, ತುಮಕೂರು, ರಾಮನಗರ ಮತ್ತು ಚನ್ನಪಟ್ಟಣ. ಬೇರೆ ಬೇರೆ ಇಲಾಖೆ, ಮಂಡಳಿಗಳ ಕಾಮಗಾರಿಗಳನ್ನು ನಿಗಮ ಸಂಯೋಜಿಸಿತು. ಮೈಸೂರಿನ ವಿದ್ಯಾರಣ್ಯಪುರ, ಕೆಸರೆ ಮತ್ತು ರಾಯನಕೆರೆಯ ಕೊಳಚೆ ನೀರು ಶುದ್ಧೀಕರಣ ಘಟಕಗಳು ಆ ಯೋಜನೆಯ ಫಲ. ಬೆಂಗಳೂರಿನ ದಟ್ಟಣೆ ತಗ್ಗಿಸುವ ನೀತಿಗೂ ಕೆಸರೆಯ ಕೊಳಚೆ ಘಟಕಕ್ಕೂ ಏನು ಸಂಬಂಧ ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲ ಕಚೇರಿಯೊಂದು ಇದ್ದಿದ್ದು ಆ ಕಾರ್ಯಕ್ರಮದ ಬಲ.

ಇನ್ಫೋಸಿಸ್ ಕ್ಯಾಂಪಸ್ ಇರುವ ಹೂಟಗಳ್ಳಿಯ ಆಡಳಿತವನ್ನು ನೋಡಿದರೆ ಇಂಥ ಕಚೇರಿಯ ಅಗತ್ಯ ಮನದಟ್ಟಾಗುತ್ತದೆ. ಹೂಟಗಳ್ಳಿ, ಹಿನಕಲ್, ಕೂರ್ಗಳ್ಳಿ, ಬೆಳವಾಡಿ ಗ್ರಾಮ ಪಂಚಾಯಿತಿ ಪ್ರದೇಶಗಳು ಸೇರಿ 2020ರಲ್ಲಿ ನಗರಸಭೆಯಾದವು. ಇಲ್ಲಿಯ ಕೈಗಾರಿಕಾ ಪ್ರದೇಶವನ್ನು ಬೆಳೆಸಿದ್ದು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ), ದೊಡ್ಡ ವಸತಿ ಕಾಲೊನಿಯನ್ನು ಕಟ್ಟಿದ್ದು ಗೃಹ ಮಂಡಳಿ, ಸುತ್ತಲಿನ ಬಡಾವಣೆಗಳಿಗೆ ಅನುಮೋದನೆ ಕೊಟ್ಟಿದ್ದು ನಗರಾಭಿವೃದ್ಧಿ ಪ್ರಾಧಿಕಾರ. ಆಟೋಮೋಟಿವ್ ಆಕ್ಸಲ್ಸ್‌ನಂಥ ಕಾರ್ಖಾನೆಗಳೂ ಸಾಫ್ಟ್‌ವೇರ್ ಕ್ಯಾಂಪಸ್ಸೂ ಹಳೆಯ ಊರುಗಳೂ ಅಕ್ಕಪಕ್ಕದಲ್ಲಿವೆ. ರಸ್ತೆ ಒಬ್ಬರದು, ಪೈಪು ಇನ್ನೊಬ್ಬರದು, ಚರಂಡಿ ಮತ್ತೊಬ್ಬರದು ಎನ್ನುವಂತಾದರೆ ಡಾಂಬರು ಹಾಕುವ ಕೆಲಸ, ಅಗೆಯುವ ಕೆಲಸ ಎರಡಕ್ಕೂ ಬೇರೆಬೇರೆ ಟೆಂಡರ್, ಬೇರೆಬೇರೆ ಗಡುವು ಇರುತ್ತದೆ. ನಗರಸಭೆಯನ್ನು ಒಳಗೊಂಡು ಬೃಹತ್ ಮೈಸೂರು ರಚಿಸುವ ಪ್ರಸ್ತಾವದಲ್ಲಿ ಗಡಿಯ ಚರ್ಚೆಯಷ್ಟೇ ಮುಖ್ಯವಾದದ್ದು ಈ ಸಂಸ್ಥೆಗಳ ಚಾಲ್ತಿ ಕಾಮಗಾರಿಗಳನ್ನೆಲ್ಲ ಒಂದೇ ಪಟ್ಟಿಗೆ ತಂದು, ಯಾವುದು ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವ ಅಧಿಕಾರವನ್ನು ಯಾರ ಕೈಗೆ ಕೊಡಬೇಕೆಂಬುದು.